ಹಬ್ಶಿ ಕೋಟ್‌ನ ಸಿನಿಮಾ ಯಾರು ಮಾಡಬೇಕು?

ಬೀದರಿಗೆ ವೀಕೆಂಡ್ ಟ್ರಿಪ್ ಬರೋರ ಲಿಸ್ಟ್ ಹೆಚ್ಚುಕಡಿಮೆ ಒಂದೇ ಇರ್ತದೆ. ಕೋಟೆ, ಗವಾನ್ ಮದರಸಾ, ನಾನಕ್ ಝೀರಾ, ಅಷ್ಟೂರಿನ ಗುಂಬಜ್‌ಗಳು, ಟೈಮ್ ಉಳಿದ್ರೆ ಒಂದು ಬಿದ್ರಿ ಅಂಗಡಿ. ಹಬ್ಶಿ ಕೋಟ್ ಈ ಲಿಸ್ಟಿನಲ್ಲಿ ಬರೋದಿಲ್ಲ. ಊರಿನವರಿಗೂ ಆ ಹೆಸರು ಕೇಳಿದ್ರೆ ಮೊದಲು ನೆನಪಾಗೋದು ಸರ್ಕಾರಿ ಗೆಸ್ಟ್ ಹೌಸು. ಆದರೆ ಆ ಗುಡ್ಡದ ಮೇಲೆ ಗೋರಿಗಳಿವೆ. ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿ 1947ರಲ್ಲಿ ಬೀದರಿನ ಸ್ಮಾರಕಗಳ ಬಗ್ಗೆ ಒಂದು ದೊಡ್ಡ ಪುಸ್ತಕ ತಂದರಲ್ಲ, ಅದರಲ್ಲಿ ಈ ಹಬ್ಶಿ ಸರದಾರರ ಗೋರಿಗಳಿಗೂ ಜಾಗ ಸಿಕ್ಕಿದೆ. ಹಬ್ಶಿ ಅಂದರೆ ಹಬಶ್‌ನವರು, ಅಬಿಸೀನಿಯಾದವರು, ಇವತ್ತಿನ ಇಥಿಯೋಪಿಯಾ ಮತ್ತು ಅದರ ಸುತ್ತಲಿನ ನಾಡಿನವರು.

ಆಫ್ರಿಕಾ ಎಲ್ಲಿ, ಬೀದರ್ ಎಲ್ಲಿ ಅಂತ ಆಶ್ಚರ್ಯ ಪಡಬೇಕಾಗಿಲ್ಲ. ಹದಿನಾಲ್ಕನೇ ಶತಮಾನದಿಂದ ಕೆಂಪು ಸಮುದ್ರದ ಬಂದರುಗಳಿಂದ ದಾಭೋಳ, ಚೌಲ್, ಗೋವೆಗಳಿಗೆ ಕುದುರೆ ಬಂದ ಹಾಗೆ ಹುಡುಗರೂ ಬಂದರು. ಬೇಟೆಯಾಡಿ ಹಿಡಿದ, ಮಾರಿದ, ಮತ್ತೆ ಮಾರಿದ ಹುಡುಗರು. ಕೆಲವರ ಬೀಜ ಒಡೆದು ಖೋಜಾ ಮಾಡಿ ಅಂತಃಪುರದ ಕೆಲಸಕ್ಕೆ ಹಚ್ಚುತ್ತಿದ್ದರು. ಉಳಿದವರಿಗೆ ಕತ್ತಿ, ಕುದುರೆ, ಲೆಕ್ಕಪತ್ರ ಕಲಿಸುತ್ತಿದ್ದರು. ಅಮೆರಿಕದ ಹತ್ತಿ ಹೊಲದ ಗುಲಾಮಗಿರಿಗೂ ಇದಕ್ಕೂ ಒಂದು ವ್ಯತ್ಯಾಸ ಇತ್ತು: ಇಲ್ಲಿ ಧಣಿ ಸತ್ತ ಮೇಲೆ ಗುಲಾಮ ಸ್ವತಂತ್ರನಾಗಿ, ಸರದಾರನಾಗಿ, ಒಂದು ಪ್ರಾಂತವನ್ನೇ ಆಳುವ ದಾರಿ ತೆರೆದಿತ್ತು. ಬಹಮನಿಗಳ ಕಾಲದಲ್ಲಿ ದಸ್ತೂರ್ ದಿನಾರ್ ಅನ್ನೋ ಹಬ್ಶಿ ಕಲಬುರಗಿ ಸೀಮೆಯನ್ನು ಆಳಿದ್ದು ಹೀಗೆ. ಹಾಗಂತ ಇದನ್ನ ಒಂದು ಚೆಂದದ ಸಕ್ಸೆಸ್ ಸ್ಟೋರಿ ಅಂತ ಹೇಳೋದು ನನಗೆ ಒಪ್ಪಿಗೆ ಇಲ್ಲ. ಮೇಲೆ ಬಂದವನ ಹೆಸರು ಉಳೀತು. ಹಡಗಿನಲ್ಲೇ ಸತ್ತವನದು ಉಳೀಲಿಲ್ಲ.

ಉಳಿದ ಹೆಸರುಗಳಾದರೂ ಹೇಗೆ ಉಳಿದಾವೆ ನೋಡಿ.

1481. ಬಹಮನಿ ದರಬಾರಿನಲ್ಲಿ ಎರಡು ಪಾರ್ಟಿ. ಒಂದು ಕಡೆ ದಖ್ಖನಿಗಳು, ಅಂದರೆ ಹಲವು ತಲೆಮಾರಿನಿಂದ ಇಲ್ಲೇ ನೆಲೆಸಿದ ಮುಸ್ಲಿಂ ಸರದಾರರು. ಹಬ್ಶಿಗಳು ಇವರ ಜೊತೆ. ಇನ್ನೊಂದು ಕಡೆ ಆಫಾಕಿಗಳು, ಇರಾನ್ ಮತ್ತು ಮಧ್ಯ ಏಷ್ಯಾದಿಂದ ಹೊಸದಾಗಿ ಬಂದವರು. ಇರಾನಿನ ಗೀಲಾನ್‌ನವನಾದ ಪ್ರಧಾನಿ ಮಹಮೂದ್ ಗವಾನ್‌ನ ವಿರುದ್ಧ ಒಂದು ಸುಳ್ಳು ಪತ್ರ ತಯಾರಾಯ್ತು. ಗವಾನನ ಮುದ್ರೆ ಕಾಯುತ್ತಿದ್ದವನು ಒಬ್ಬ ಹಬ್ಶಿ. ಅವನಿಗೆ ಕುಡಿಸಿ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಸುಲ್ತಾನ ಮೂರನೇ ಮುಹಮ್ಮದ್ ಶಾ ಹಿಂದೆಮುಂದೆ ನೋಡದೆ ತಲೆ ತೆಗೆಯಲು ಹೇಳಿದ. ಕತ್ತಿ ಎತ್ತಿದವನು ಜೌಹರ್, ಅವನೂ ಹಬ್ಶಿ. ಮದರಸಾ ನೋಡಲು ಹೋದಾಗ ಗೈಡ್ ಹೇಳುವ ಕಥೆಯೂ ಇದೇ.

ಇದನ್ನು ಬರೆದಿಟ್ಟವನು ಫೆರಿಶ್ತಾ. ಬರೆದದ್ದು ಘಟನೆಯಾಗಿ ನೂರು ವರ್ಷದ ಮೇಲೆ, ವಿಜಾಪುರದಲ್ಲಿ ಕೂತು. ಅವನು ಹುಟ್ಟಿದ್ದು ಇರಾನಿನ ಅಸ್ತರಾಬಾದ್‌ನಲ್ಲಿ. ಅಂದರೆ ಗವಾನನ ಪಾರ್ಟಿಯವನೇ! ಅವನು ಸುಳ್ಳು ಬರೆದ ಅಂತ ನಾನು ಹೇಳ್ತಾ ಇಲ್ಲ. ಆದರೆ ಇಡೀ ಕಥೆಯಲ್ಲಿ ಪಿತೂರಿ ಹೂಡಿದ ದೊಡ್ಡ ಸರದಾರರು ಹಿಂದೆ ಸರಿದು, ಕುಡುಕ ಹಬ್ಶಿ ಮತ್ತು ಕಟುಕ ಹಬ್ಶಿ ಮಾತ್ರ ಕಣ್ಣಿಗೆ ಕಟ್ಟೋದು ಯಾಕೆ ಅಂತ ಕೇಳಬಹುದಲ್ಲ. 1487ರಲ್ಲಿ ಇದೇ ಕೋಟೆಯೊಳಗೆ ಸುಲ್ತಾನ ಮಹಮೂದ್ ಶಾನನ್ನು ಕೊಲ್ಲಲು ದಖ್ಖನಿ ಮತ್ತು ಹಬ್ಶಿಗಳು ಮಾಡಿದ ಪ್ರಯತ್ನ ಕೆಟ್ಟಿತು. ಆಮೇಲೆ ಬೀದರಿನ ಬೀದಿಗಳಲ್ಲಿ ಅವರನ್ನು ಹುಡುಕಿ ಹುಡುಕಿ ಕೊಂದರು. ಆ ದಿನ ಬದುಕುಳಿದ ಒಬ್ಬ ಹಬ್ಶಿ ಬರೆದ ಒಂದು ಸಾಲು ನಮ್ಮ ಕೈಗೆ ಬಂದಿಲ್ಲ.

ಮಲಿಕ್ ಅಂಬರ್‌ನದು ಇದಕ್ಕಿಂತ ದೊಡ್ಡ ಉದಾಹರಣೆ. ಚಾಪು ಅನ್ನೋ ಹೆಸರಿನ ಇಥಿಯೋಪಿಯಾದ ಹುಡುಗ, ಹಲವು ಕೈ ದಾಟಿ ಅಹಮದ್‌ನಗರಕ್ಕೆ ಬಂದ. ಅಲ್ಲಿ ಅವನನ್ನು ಕೊಂಡ ಚಂಗೇಜ್ ಖಾನ್ ಕೂಡ ಹಬ್ಶಿಯೇ. ಮುಂದೆ ಅಂಬರ್ ನಿಜಾಮ್‌ಶಾಹಿಯ ಪೇಶ್ವಾ ಆದ, ಖಡ್ಕಿ ಅನ್ನೋ ಊರು ಕಟ್ಟಿದ. ನಂತರ ಔರಂಗಾಬಾದ್ ಆಗಿದ್ದು ಅದೇ. 1624ರಲ್ಲಿ ವಿಜಾಪುರದವರ ಕೈಯಲ್ಲಿದ್ದ ಬೀದರಿನ ಮೇಲೂ ಬಿದ್ದು ಸೂರೆ ಮಾಡಿ ಹೋದ. ಮೊಘಲರಿಗೆ ಅವನು ಸಾಯೋವರೆಗೂ, ಅಂದರೆ 1626ರವರೆಗೂ, ಸಿಕ್ಕಲೇ ಇಲ್ಲ. ಸಿಟ್ಟಿಗೆ ಜಹಾಂಗೀರ್ ಏನು ಮಾಡಿದ ಗೊತ್ತಾ? ಆಸ್ಥಾನದ ಕಲಾವಿದ ಅಬುಲ್ ಹಸನ್ ಕೈಲಿ ಒಂದು ಚಿತ್ರ ಬರೆಸಿದ. ಭೂಗೋಳದ ಮೇಲೆ ನಿಂತು ಬಾದಶಾ ಬಾಣ ಹೂಡಿದ್ದಾನೆ, ಎದುರಿಗೆ ಈಟಿಯ ತುದಿಯಲ್ಲಿ ಅಂಬರನ ಕಡಿದ ತಲೆ. ಇವತ್ತು ಅದು ಡಬ್ಲಿನ್‌ನ ಚೆಸ್ಟರ್ ಬೀಟಿ ಲೈಬ್ರರಿಯಲ್ಲಿದೆ. ಯುದ್ಧದಲ್ಲಿ ಸಿಗದ ತಲೆಯನ್ನು ಬಣ್ಣದಲ್ಲಿ ಕಡಿಸಿಕೊಂಡ ಪುಣ್ಯಾತ್ಮ. ಅಂಬರ್ ಸತ್ತಾಗ ಮೊಘಲರ ಇತಿಹಾಸಕಾರ ಮುತಮದ್ ಖಾನನೇ ಅವನಂಥ ಸೇನಾನಿ ಇಲ್ಲ ಅನ್ನೋ ಅರ್ಥದಲ್ಲಿ ಬರೆದ, ನಿಜ. ಆದರೆ ಹೊಗಳಿದ ಪೆನ್ನೂ ಎದುರಾಳಿಯದೇ, ತಲೆ ಕಡಿದ ಬ್ರಶ್ಶೂ ಎದುರಾಳಿಯದೇ.

ನಮ್ಮ ಜಿಲ್ಲೆಗೇ ಸೇರಿದ ಕಥೆ ಸಿದ್ದಿ ಮರ್ಜಾನ್‌ನದು. 1657. ಔರಂಗಜೇಬ್ ಇನ್ನೂ ಬಾದಶಾ ಆಗಿಲ್ಲ, ದಖ್ಖನಿನ ಸುಬೇದಾರ. ಔರಂಗಾಬಾದಿನಿಂದ ಉದಗೀರ್ ಕಡೆಯಿಂದ ಇಳಿದು ಬಂದ. ಇವತ್ತು ಉದಗೀರ್‌ನಿಂದ ರೈಲು ಹತ್ತಿದ್ರೆ ಕಮಲನಗರ, ಭಾಲ್ಕಿ ದಾಟಿ ಬೀದರ್ ಬರ್ತದೆ. ಔರಾದ್ ಕಡೆಯ ಕಪ್ಪು ಮಣ್ಣಿನ ಹೊಲ, ಭಾಲ್ಕಿಯ ಹಳೇ ಕೋಟೆ, ಆಮೇಲೆ ಒಮ್ಮೆಲೇ ಕೆಂಪು ಕಲ್ಲಿನ ಬೀದರ್ ದಿಬ್ಬ. ಕೋಟೆಯ ಕಿಲ್ಲೇದಾರ ಸಿದ್ದಿ ಮರ್ಜಾನ್, ವಿಜಾಪುರದ ಆದಿಲ್‌ಶಾಹಿಗಳ ಪರವಾಗಿ ಬಹಳ ವರ್ಷದಿಂದ ಇಲ್ಲಿದ್ದ ಮುದುಕ. ವಿಜಾಪುರದಿಂದ ಸಹಾಯ ಬರಲಿಲ್ಲ. 27 ದಿನ ಹಿಡಿದು ನಿಂತ. ಕೊನೆಗೆ ಬುರುಜಿನ ಹಿಂದಿದ್ದ ಮದ್ದಿನ ರಾಶಿಗೆ ಕಿಡಿ ಬಿದ್ದು ಸ್ಫೋಟವಾಯ್ತು. ಮರ್ಜಾನ್ ಮೈಯೆಲ್ಲ ಸುಟ್ಟು ಬಿದ್ದ, ಮಕ್ಕಳ ಕೈಲಿ ಕೋಟೆಯ ಕೀಲಿಕೈ ಕಳಿಸಿಕೊಟ್ಟು ಸತ್ತ. ಮೊಘಲರ ಕಡೆ ಲೆಕ್ಕ ಪಕ್ಕಾ ಇದೆ: 12 ಲಕ್ಷ ರೂಪಾಯಿ ನಗದು, 230 ತೋಪು. ಮೂರ್ನಾಲ್ಕು ತಿಂಗಳಲ್ಲಿ ಕಲ್ಯಾಣದ ಕೋಟೆಯೂ ಬಿತ್ತು, ಅಂದರೆ ಇವತ್ತಿನ ಬಸವಕಲ್ಯಾಣ. ಅದನ್ನು ಕಾಯುತ್ತಿದ್ದವನ ಹೆಸರು ದಿಲಾವರ್ ಹಬ್ಶಿ. ಒಂದೇ ಜಿಲ್ಲೆಯ ಎರಡು ಕೋಟೆ, ಒಂದೇ ವರ್ಷ, ಎರಡನ್ನೂ ಕಡೇವರೆಗೆ ಹಿಡಿದವರು ಆಫ್ರಿಕಾ ಮೂಲದವರು. ನಮ್ಮ ಶಾಲೆಯ ಸಮಾಜ ಪುಸ್ತಕದಲ್ಲಿ ಇದನ್ನು ಓದಿದ ನೆನಪು ನಿಮಗಿದ್ರೆ ಹೇಳಿ.

ಸಿನಿಮಾದವರಿಗೆ ಇದಕ್ಕಿಂತ ಕ್ಲೈಮ್ಯಾಕ್ಸ್ ಬೇಕಾ? ಆದರೆ ನಮ್ಮ ಸಿನಿಮಾದವರು ಹಬ್ಶಿಯನ್ನು ತೋರಿಸಿದ್ದು ಹೇಗೆ ಅನ್ನೋದಕ್ಕೆ ಕಮಾಲ್ ಅಮ್ರೋಹಿಯ 'ರಜಿಯಾ ಸುಲ್ತಾನ್' (1983) ಒಂದು ಸಾಕು. ರಜಿಯಾ ಆಗಿ ಹೇಮಾಮಾಲಿನಿ. ಅವಳ ಹಬ್ಶಿ ಸರದಾರ ಯಾಕೂತ್ ಆಗಿ ಯಾರು? ಮುಖಕ್ಕೆ ಕಪ್ಪು ಬಳಿದುಕೊಂಡ ಧರ್ಮೇಂದ್ರ! ಪಂಜಾಬಿನ ಹೀರೋಗೆ ಮಸಿ ಬಳಿದ್ರೆ ಹಬ್ಶಿ ತಯಾರು.

ಹೀಗಿರುವಾಗ ಹಬಶ್‌ನಲ್ಲೇ ಹುಟ್ಟಿದ ಒಬ್ಬ ಸಿನಿಮಾದವನ ಬದುಕನ್ನು ಬೀದರಿನಿಂದ ನೋಡಬೇಕು ಅನಿಸ್ತು. ಹೆಸರು ಹೈಲೆ ಗೆರಿಮಾ. ಹುಟ್ಟಿದ್ದು 1946ರಲ್ಲಿ, ಇಥಿಯೋಪಿಯಾದ ಗೊಂಡರ್ ಪಟ್ಟಣದಲ್ಲಿ. ಅದೂ ನಮ್ಮ ಬೀದರಿನ ಹಾಗೆ ಹಳೇ ರಾಜಧಾನಿ, ಊರ ನಡುವೆ ಕಲ್ಲಿನ ಕೋಟೆ. ಅಪ್ಪ ನಾಟಕ ಬರೆದು ಊರೂರು ತಿರುಗಿ ಆಡಿಸುತ್ತಿದ್ದವರು. ಚಿಕ್ಕಂದಿನಲ್ಲಿ ಟಾರ್ಜಾನ್ ಸಿನಿಮಾ ನೋಡುವಾಗ, ಟಾರ್ಜಾನ್‌ನ ಹಿಂದೆ ಆಫ್ರಿಕನ್ನರು ಮೆಲ್ಲಗೆ ಬರುತ್ತಿದ್ದರೆ ತಾವೆಲ್ಲ ಹುಡುಗರು ಕೂಗಿ ಟಾರ್ಜಾನ್‌ಗೆ ಹುಷಾರು ಹೇಳುತ್ತಿದ್ದೆವು ಅಂತ ಗೆರಿಮಾ ನೆನಪು ಮಾಡಿಕೊಂಡಿದ್ದಾರೆ. ಆಫ್ರಿಕಾದ ಮಕ್ಕಳು ಆಫ್ರಿಕಾದವರ ವಿರುದ್ಧ ಶಿಳ್ಳೆ ಹೊಡೆಯೋದು. ನನಗೆ ಜಹಾಂಗೀರನ ಚಿತ್ರಕ್ಕಿಂತ ಇದು ಹೆಚ್ಚು ಚುಚ್ಚಿತು. ಅಂಬರ್ ಆ ಚಿತ್ರ ನೋಡಿ ಚಪ್ಪಾಳೆಯಂತೂ ಹೊಡೆದಿರಲಿಕ್ಕಿಲ್ಲ.

1967ರಲ್ಲಿ ಗೆರಿಮಾ ನಟನೆ ಕಲಿಯಲು ಶಿಕಾಗೋಗೆ ಹೋದರು, ಅಲ್ಲಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎಗೆ ಸಿನಿಮಾ ಕಲಿಯಲು. ಅಲ್ಲಿ ಹಾಲಿವುಡ್‌ನ ಮೂಗಿನ ಕೆಳಗೇ ಕಪ್ಪು ವಿದ್ಯಾರ್ಥಿಗಳ ಒಂದು ಗುಂಪು, ಚಾರ್ಲ್ಸ್ ಬರ್ನೆಟ್, ಜೂಲಿ ಡ್ಯಾಶ್ ಮುಂತಾದವರು, ಹಾಲಿವುಡ್ಡಿಗೆ ಬೆನ್ನು ತಿರುಗಿಸಿ ತಮ್ಮ ಜನರ ಸಿನಿಮಾ ಮಾಡೋಕೆ ಹೊರಟಿತ್ತು. 'ಎಲ್‌ಎ ರೆಬೆಲಿಯನ್' ಅಂತ ಅದಕ್ಕೆ ಆಮೇಲೆ ಹೆಸರು ಬಿತ್ತು. ಗೆರಿಮಾ ಅದರಲ್ಲಿ ಒಬ್ಬರು. ಹೈಲೆ ಸೆಲಾಸಿಯ ಸಿಂಹಾಸನ ಬಿದ್ದು ಮಿಲಿಟರಿ ಆಡಳಿತ ಇನ್ನೂ ಬಿಗಿಯಾಗುತ್ತಿದ್ದ ಸಂದಿಯಲ್ಲಿ ಊರಿಗೆ ಹೋಗಿ, ಬರೀ ಎರಡು ವಾರದಲ್ಲಿ, ಕಪ್ಪುಬಿಳುಪಿನಲ್ಲಿ, ಅಮ್ಹಾರಿಕ್ ಭಾಷೆಯಲ್ಲಿ 'ಹಾರ್ವೆಸ್ಟ್: 3000 ಇಯರ್ಸ್' ಶೂಟ್ ಮಾಡಿಕೊಂಡು ಬಂದರು. ಜಮೀನ್ದಾರ, ಅವನ ಒಕ್ಕಲು, ಆ ಒಕ್ಕಲಿನ ಮೂರು ಸಾವಿರ ವರ್ಷದ ಸಿಟ್ಟು, ಅಷ್ಟೇ ಕಥೆ. 1975ರಿಂದ ವಾಷಿಂಗ್ಟನ್‌ನ ಹೊವಾರ್ಡ್ ಯೂನಿವರ್ಸಿಟಿಯಲ್ಲಿ ಮೇಷ್ಟ್ರು. ಸಂಬಳ ಅಲ್ಲಿಂದ, ಸಿನಿಮಾ ಇಲ್ಲಿಂದ ಅಂತ ನಮ್ಮ ಐಟಿ ಗೆಳೆಯರು ಶನಿವಾರ ಭಾನುವಾರ ಶಾರ್ಟ್ ಫಿಲ್ಮ್ ಮಾಡ್ತಾರಲ್ಲ, ಹೆಚ್ಚುಕಡಿಮೆ ಆ ಥರದ ಬದುಕು.

ಗುಲಾಮಗಿರಿಯ ಬಗ್ಗೆ ಅವರು ಮಾಡಿದ ಸಿನಿಮಾ 'ಸಂಕೋಫಾ', 1993ರದು. ಘಾನಾದ ಕರಾವಳಿಯಲ್ಲಿ ಗುಲಾಮರನ್ನು ಕೂಡಿಡುತ್ತಿದ್ದ ಕೋಟೆಗೆ ಫೋಟೋ ಶೂಟ್‌ಗೆ ಬಂದ ಕಪ್ಪು ಅಮೆರಿಕನ್ ಮಾಡೆಲ್ ಒಬ್ಬಳು ಕೋಟೆಯ ನೆಲಮಾಳಿಗೆಗೆ ಇಳಿದು ಕಾಲದಲ್ಲಿ ಹಿಂದೆ ಹೋಗಿಬಿಡ್ತಾಳೆ, ಕಬ್ಬಿನ ತೋಟದ ಗುಲಾಮಳಾಗ್ತಾಳೆ. ಕೋಟೆ ನೋಡೋಕೆ ಬಂದು ಸೆಲ್ಫಿ ತಗೊಂಡು ಹೋಗೋ ನಮಗೂ ಅದು ತಾಗ್ತದೆ. ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೆ ಆಯ್ಕೆಯಾದ ಚಿತ್ರ. ಆದರೂ ಅಮೆರಿಕದ ಒಬ್ಬ ವಿತರಕನೂ ಅದನ್ನು ಮುಟ್ಟಲಿಲ್ಲ.

ಇಲ್ಲಿಂದ ಮುಂದಿನದು ನನಗೆ ಸಿನಿಮಾಗಿಂತ ಇಷ್ಟ. ಗೆರಿಮಾ ಮತ್ತು ಅವರ ಹೆಂಡತಿ ಶಿರಿಕಿಯಾನಾ ಐನಾ (ಅವರೂ ನಿರ್ದೇಶಕಿ) ವಾಷಿಂಗ್ಟನ್‌ನಲ್ಲಿ ತಾವೇ ಒಂದು ಥಿಯೇಟರ್ ಬಾಡಿಗೆಗೆ ಹಿಡಿದರು. ಚರ್ಚು, ಕ್ಷೌರದಂಗಡಿ, ಕಾಲೇಜು, ಸಮುದಾಯ ರೇಡಿಯೋ ಅಂತ ಎಲ್ಲಿ ಜನ ಸೇರ್ತಾರೋ ಅಲ್ಲಿ ಸುದ್ದಿ ಮುಟ್ಟಿಸಿದರು. ಥಿಯೇಟರ್ ವಾರಗಟ್ಟಲೆ ತುಂಬಿತು. ಆಮೇಲೆ ಬೇರೆ ಊರಿನವರು ನಮ್ಮಲ್ಲಿಗೂ ತನ್ನಿ ಅಂದರು. ಊರಿಂದ ಊರಿಗೆ, ಅಲ್ಲಲ್ಲಿ ಒಂದು ಕಮಿಟಿ ಮಾಡಿಕೊಂಡು, ಹೆಚ್ಚುಕಡಿಮೆ ನಮ್ಮ ಕಡೆಯ ಕಂಪನಿ ನಾಟಕದವರ ಹಾಗೆ ಕ್ಯಾಂಪ್ ಹಾಕುತ್ತಾ ಸಿನಿಮಾ ತಿರುಗಿತು. ಅಪ್ಪ ಇಥಿಯೋಪಿಯಾದಲ್ಲಿ ನಾಟಕ ತಿರುಗಿಸಿದ ಹಾಗೆ. ಬಂದ ದುಡ್ಡಿನ ಬಲದಿಂದ ಹೊವಾರ್ಡ್ ಕ್ಯಾಂಪಸ್ಸಿನ ಎದುರಿಗೇ ಜಾಗ ಮಾಡಿಕೊಂಡು 'ಸಂಕೋಫಾ' ಅನ್ನೋ ಪುಸ್ತಕದಂಗಡಿ ತೆರೆದರು. 2008ರಲ್ಲಿ 'ತೆಜಾ' ಬಂತು, ವೆನಿಸ್‌ನಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಸಿಕ್ಕಿತು. 'ಸಂಕೋಫಾ' ನೆಟ್‌ಫ್ಲಿಕ್ಸ್‌ಗೆ ಬಂದದ್ದು 2021ರಲ್ಲಿ, ಏವಾ ಡುವರ್ನೇ ಅವರ ಸಂಸ್ಥೆ ಹೊಸ ಪ್ರಿಂಟ್ ಮಾಡಿಸಿದ ಮೇಲೆ. ಇಪ್ಪತ್ತೆಂಟು ವರ್ಷ! ಐವತ್ತು ವರ್ಷದ ಕರಿಯರ್‌ನಲ್ಲಿ ಮಾಡಿದ ಕಥಾಚಿತ್ರಗಳು ಕೈಬೆರಳಲ್ಲಿ ಎಣಿಸುವಷ್ಟು. ಒಂದು ಸಿನಿಮಾದಿಂದ ಇನ್ನೊಂದಕ್ಕೆ ಹತ್ತು, ಹದಿನೈದು ವರ್ಷದ ಅಂತರ. ಕಥೆಯ ಯಜಮಾನಿಕೆ ಬಿಟ್ಟುಕೊಡದೇ ಇರೋದಕ್ಕೆ ಅವರು ಕಟ್ಟಿದ ಬಾಡಿಗೆ ಅದು.

ಈಗ ಕರ್ನಾಟಕಕ್ಕೆ ಬರೋಣ. ಬೀದರಿನ ಹಬ್ಶಿಗಳು ಕಾಲ ಕಳೆದ ಹಾಗೆ ಊರಿನ ಜನದಲ್ಲಿ ಬೆರೆತು ಹೋದರು. ಆಫ್ರಿಕಾ ಮೂಲದ ಸಮುದಾಯವಾಗಿ ಇವತ್ತು ಕಾಣುವವರು ಉತ್ತರ ಕನ್ನಡದ ಸಿದ್ದಿಗಳು: ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲಿ. ಇವರ ಚರಿತ್ರೆ ಬೇರೆ. ಬಹುಪಾಲು ಪೋರ್ಚುಗೀಸರ ಕೈಯಲ್ಲಿ ಪೂರ್ವ ಆಫ್ರಿಕಾದಿಂದ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಇದ್ದಾರೆ. ಮನೆಯಲ್ಲಿ ಕೊಂಕಣಿ, ಊರಲ್ಲಿ ಕನ್ನಡ, ಕೆಲವರದು ಉರ್ದು, ಮರಾಠಿ. (ಭಾಷೆಯ ಈ ಕಲಸುಮೇಲೋಗರ ಔರಾದ್ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತವರಿಗೆ ಹೊಸದಲ್ಲ.) ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಸಿದ್ದಿಗಳು ಕನ್ನಡದ ರಂಗಕ್ಕೆ ಬಂದದ್ದರಲ್ಲಿ ಹೆಗ್ಗೋಡಿನ ನೀನಾಸಂ ಪಾಲು ದೊಡ್ಡದು. 1980ರ ದಶಕದಲ್ಲಿ ಚಿದಂಬರರಾವ್ ಜಂಬೆ ಅವರು ಮಂಚಿಕೇರಿ ಕಡೆಯ ಸಿದ್ದಿಗಳ ಜೊತೆ ಚಿನುವಾ ಅಚೆಬೆಯ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯನ್ನು ನಾಟಕ ಮಾಡಿಸಿದರು. ನೈಜೀರಿಯಾದವನ ಕಥೆ, ಕನ್ನಡದಲ್ಲಿ, ಆಫ್ರಿಕಾದ ನೆನಪು ಮಸುಕಾಗಿದ್ದ ಜನರ ಬಾಯಲ್ಲಿ. ಅಲ್ಲಿಂದಾಚೆ ಸಿದ್ದಿಗಳು ನೀನಾಸಂಗೆ ಓದಲು ಬಂದರು. ಪರಶುರಾಮ ಸಿದ್ದಿ ನಾಟಕ ಕಲಿತು ನಿರ್ದೇಶಕರಾದರು. ಗಿರಿಜಾ ಸಿದ್ದಿ ನಟಿಯಾಗಿ, ಹಾಡುಗಾರ್ತಿಯಾಗಿ ಹೆಸರು ಮಾಡಿದರು. ಪ್ರಶಾಂತ್ ಸಿದ್ದಿ 2011ರ 'ಪರಮಾತ್ಮ'ದಿಂದ ಸಿನಿಮಾಗೆ ಬಂದರು, ಆಮೇಲೆ ನೀವು ಅವರನ್ನು ಬೇಕಾದಷ್ಟು ಕಡೆ ನೋಡಿರ್ತೀರಿ. ಧರ್ಮೇಂದ್ರನ ಮಸಿಯಿಂದ ಇಲ್ಲಿಗೆ ಮೂವತ್ತು ವರ್ಷದೊಳಗೆ ಬಂದೆವು ಅಂತ ಖುಷಿ ಪಡಬಹುದು. ಆದರೆ ನಮ್ಮ ಕಮರ್ಷಿಯಲ್ ಸಿನಿಮಾ ಇಂಥ ಮುಖಕ್ಕೆ ಸಾಮಾನ್ಯವಾಗಿ ಕೊಡೋ ಪಾತ್ರ ಯಾವುದು? ಹೀರೋ ಫ್ರೆಂಡು, ಕಾಮಿಡಿ, ಇಲ್ಲವೇ ರೌಡಿ ಗುಂಪಿನಲ್ಲಿ ಒಬ್ಬ. ಫೆರಿಶ್ತಾ ಕಾಸ್ಟಿಂಗ್ ಮಾಡಿದ ಹಾಗೇ ಇರ್ತದೆ.

ಅದಕ್ಕೇ 2024ರಲ್ಲಿ ಗೋವಾ ಚಿತ್ರೋತ್ಸವದಲ್ಲಿ ತೆರೆಕಂಡ 'ರಿದಮ್ ಆಫ್ ದಮ್ಮಾಮ್' ಮುಖ್ಯ ಅನಿಸೋದು. ದಮ್ಮಾಮ್ ಅಂದರೆ ಸಿದ್ದಿಗಳ ಚರ್ಮವಾದ್ಯ. ಕಥೆಯಲ್ಲಿ ಹನ್ನೆರಡು ವರ್ಷದ ಹುಡುಗ ಜಯರಾಮನ ಮೈಮೇಲೆ ಸತ್ತ ಅಜ್ಜ ಬರ್ತಾನೆ. ಹುಡುಗನಿಗೆ ತನ್ನ ಹಿರಿಯರು ಗುಲಾಮರಾಗಿದ್ದ ಕಾಲ ಕಾಣೋಕೆ ಶುರುವಾಗ್ತದೆ. 'ಸಂಕೋಫಾ'ದ ಮಾಡೆಲ್ ಕೋಟೆಯ ನೆಲಮಾಳಿಗೆಯಲ್ಲಿ ಕಂಡದ್ದನ್ನು ಈ ಹುಡುಗ ಯಲ್ಲಾಪುರದ ಕಡೆಯ ಕಾಡಿನಲ್ಲಿ ಕಾಣ್ತಾನೆ ಅಂದ್ರೂ ತಪ್ಪಿಲ್ಲ. ಹುಡುಗನ ಪಾತ್ರದಲ್ಲಿ ಚಿನ್ಮಯ ಸಿದ್ದಿ. ಜೊತೆಗೆ ಪ್ರಶಾಂತ್, ಗಿರಿಜಾ, ಇನ್ನೂ ಅನೇಕ ಸಿದ್ದಿಗಳು. ಭಾಷೆ ಕೊಂಕಣಿ, ಕನ್ನಡ. ನಿರ್ದೇಶಕ ಜಯನ್ ಚೆರಿಯನ್, ಕೇರಳ ಮೂಲದವರು, ನ್ಯೂಯಾರ್ಕಿನಲ್ಲಿ ಕಲಿತವರು. 'ಪಪಿಲಿಯೋ ಬುದ್ಧ'ದ ಕಾಲದಿಂದ ಸೆನ್ಸಾರ್ ಜೊತೆ ಗುದ್ದಾಡಿಕೊಂಡೇ ಸ್ವತಂತ್ರ ಸಿನಿಮಾ ಮಾಡ್ತಾ ಬಂದವರು. ಒಳ್ಳೇ ಮನಸ್ಸಿನ ಹೊರಗಿನವರು, ಸಂಶಯವಿಲ್ಲ. ಮುಖ ಸಿದ್ದಿಗಳದ್ದು, ದನಿ ಸಿದ್ದಿಗಳದ್ದು, ಹಾಡು ಸಿದ್ದಿಗಳದ್ದು. ಎಲ್ಲಿ ಕಟ್ ಮಾಡಬೇಕು ಅನ್ನೋ ತೀರ್ಮಾನ ಮಾತ್ರ ಇನ್ನೊಬ್ಬರದು. ಗೆರಿಮಾ ಹತ್ತು ಹದಿನೈದು ವರ್ಷ ಕಾದು ಉಳಿಸಿಕೊಂಡದ್ದು ಇದೇ ಕೊನೆಯದನ್ನು.

ಇಂಥ ಸಿನಿಮಾ ಭಾಲ್ಕಿಯ, ಔರಾದಿನ ಟಾಕೀಸಿಗೆ ಬರೋದಿಲ್ಲ, ಯಾವ ವಿತರಕನೂ ತರೋದಿಲ್ಲ. ಒಪ್ಪಿದೆ. ಆದರೆ ನಮ್ಮ ಕಡೆ ವಿತರಕರಿಲ್ಲದೆ ಕೆಲಸ ಮಾಡಿದ ಉದಾಹರಣೆ ಇಲ್ಲದೇ ಇಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ಬೀದರ್ ಜಿಲ್ಲೆಯ ಯಾವ ಮಗುವನ್ನು ಕೇಳಿದ್ರೂ ಹೇಳ್ತದೆ. ಮೊನ್ನೆಮೊನ್ನೆವರೆಗೆ ಔರಾದ್ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ ಅವರು ಕಟ್ಟಿದ ಶಾಲೆ ಸರ್ಕಾರ ಕೊಟ್ಟದ್ದಲ್ಲ, ಜನರ ಹತ್ತಿರ ಬೇಡಿ ತಂದದ್ದು. ತಮ್ಮ ಮಾತು ತಮ್ಮ ಬಾಯಲ್ಲೇ ಉಳೀಬೇಕು ಅಂತ ಇಷ್ಟು ಒದ್ದಾಡಿದ ಜಿಲ್ಲೆಗೆ ಹಬ್ಶಿ ಕೋಟ್‌ನ ಪ್ರಶ್ನೆ ಪರಕೀಯ ಆಗಬೇಕಾಗಿಲ್ಲ.

ಬೀದರಿನ ಜಿಲ್ಲಾ ರಂಗಮಂದಿರಕ್ಕೆ ಅವರದೇ ಹೆಸರಿದೆ. ಹಾಲ್ ಬಾಡಿಗೆಗೆ ಸಿಗ್ತದೆ, ಪ್ರೊಜೆಕ್ಟರ್ ಕೂಡ. ಒಂದು ಭಾನುವಾರ ಮಧ್ಯಾಹ್ನ 'ಸಂಕೋಫಾ', ಸಂಜೆ 'ರಿದಮ್ ಆಫ್ ದಮ್ಮಾಮ್', ನಡುವೆ ಪ್ರಶಾಂತ್, ಗಿರಿಜಾ ಅವರ ಜೊತೆ ಮಾತು. ಬೆಳಿಗ್ಗೆ ಬಿಸಿಲೇರುವ ಮೊದಲು ಹಬ್ಶಿ ಕೋಟ್‌ಗೆ ಒಂದು ನಡಿಗೆ. ಬೆಂಗಳೂರು, ಹೈದರಾಬಾದ್‌ನಲ್ಲಿ ಕೂತ ಬೀದರಿನವರು ಇಪ್ಪತ್ತು ಜನ ತಲಾ ಎರಡು ಸಾವಿರ ಹಾಕಿದ್ರೆ ಶುರು ಮಾಡೋಕೆ ಸಾಕಾದೀತು. ಹಾಕೋರು ಮೊದಲು ಹೆಸರು ಕೊಡಿ, ಹಾಲ್ ಬುಕಿಂಗ್ ನಾನು ನೋಡ್ಕೋತೀನಿ.